ನಮ್ಮ ದೂರು ಬರೆದುಕೊಳ್ಳಿ

ಸಂಗನಕಲ್ಲಿನ ಅಕ್ಕಂದಿರೇ, ಅಣ್ಣಂದಿರೇ, ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಬಂಧುಗಳೇ,

ಇಲಿ, ಹೆಗ್ಗಣಗಳ ಕಾಟ ತಾಳಲಾರದೆ ಪಂಚಾಯಿತಿ ಕಚೇರಿಯ ಮೆಟ್ಟಿಲು ಹತ್ತಿದವರು ನಿಮ್ಮಲ್ಲಿ ಎಷ್ಟು ಜನ? ಹತ್ತಿದವರಿಗೆ ಸಿಗುವ ಉತ್ತರ ನಾಡಿನ ಯಾವ ಕಚೇರಿಗೆ ಹೋದರೂ ಹೆಚ್ಚುಕಡಿಮೆ ಒಂದೇ. "ನಿಮ್ಮ ಮನ್ಯಾಗ ಇಲಿ ಬಂದ್ರ ನಾವೇನ್ ಮಾಡ್ಬೇಕಮ್ಮ? ಬೋನು ಇಡ್ರಿ." ಸೊಳ್ಳೆ ಅಂದರೆ, "ಫಾಗಿಂಗ್ ಮಷಿನ್ ರಿಪೇರಿಗೆ ಹೋಗೈತಿ." ನೊಣ, ಜಿರಳೆ, ತಿಗಣೆ ಅಂದರೆ, "ಮನಿ ಸ್ವಚ್ಛ ಇಟ್ಕೊಳ್ರಿ." ಪುಸ್ತಕದಲ್ಲಿ ಒಂದು ಸಾಲು ಬರೆದುಕೊಳ್ಳುವುದಿಲ್ಲ. ಕೈಗೆ ಒಂದು ಚೀಟಿ ಕೊಡುವುದಿಲ್ಲ. ಬಂದವರು ತಲೆ ತಗ್ಗಿಸಿಕೊಂಡು ಹೊರಡುತ್ತಾರೆ. ಮನೆಯಲ್ಲಿ ಹುಳಹುಪ್ಪಟೆ ಇದೆ ಎಂದು ನಾಲ್ಕು ಜನರ ಎದುರು ಬಾಯಿಬಿಟ್ಟು ಹೇಳಿದ್ದೇ ಅವರಿಗೆ ಅವಮಾನವಾಗಿರುತ್ತದೆ. ಬಡವರ ಆ ನಾಚಿಕೆಯ ನೆರಳಿನಲ್ಲಿ ನಮ್ಮ ಸ್ಥಳೀಯ ಆಡಳಿತಗಳು ಹಾಯಾಗಿ ಕುಳಿತಿವೆ.

ಮೊದಲು ಆ ನಾಚಿಕೆಯನ್ನು ಕಿತ್ತೊಗೆಯೋಣ. ನಿಮ್ಮ ಅಡುಗೆಮನೆಯಲ್ಲಿ ಓಡಾಡುವ ಹೆಗ್ಗಣದ ಬಿಲ ಇರುವುದು ಹೂಳು ತುಂಬಿದ ಚರಂಡಿಯ ಕಲ್ಲುಸಂದಿಯಲ್ಲಿ. ತೊಟ್ಟಿಲ ಕೂಸನ್ನು ಕಚ್ಚುವ ಸೊಳ್ಳೆ ಹುಟ್ಟಿದ್ದು ಪಕ್ಕದ ಖಾಲಿ ಸೈಟಿನಲ್ಲಿ ಬಿದ್ದ ಹಳೆ ಟೈರಿನೊಳಗೆ. ಊಟದ ತಟ್ಟೆಯ ಮೇಲೆ ಕೂರುವ ನೊಣ ಎದ್ದುಬಂದದ್ದು ವಾರಗಟ್ಟಲೆ ಎತ್ತದ ತಿಪ್ಪೆಯಿಂದ. ಚರಂಡಿಯ ಹೂಳು ತೆಗೆಸುವವರು ಯಾರು? ಖಾಲಿ ಸೈಟಿನ ಮಾಲೀಕನಿಗೆ ನೋಟಿಸು ಕೊಡುವ ಅಧಿಕಾರ ಯಾರದು? ತಿಪ್ಪೆ ಎತ್ತಿಸುವ ಕೆಲಸ ಯಾರದು? ಮೂರಕ್ಕೂ ಉತ್ತರ ಒಂದೇ. ನಾವು ಮನೆಯ ತಾಪತ್ರಯ ಎಂದುಕೊಂಡು ನುಂಗಿಕೊಳ್ಳುತ್ತಿರುವುದು ಊರಿನ ದೂರು. ಅದನ್ನು ಕೇಳಿಸಿಕೊಳ್ಳುವುದು, ಬರೆದುಕೊಳ್ಳುವುದು, ಬಗೆಹರಿಸುವುದು, ಬಗೆಹರಿಸಿದೆವೆಂದು ತಿಳಿಸುವುದು ಪಂಚಾಯಿತಿ, ಪುರಸಭೆ, ನಗರಸಭೆ, ಮಹಾನಗರಪಾಲಿಕೆಗಳ ಕರ್ತವ್ಯ. ಈ ಒಂದು ಮಾತು ನಿಮ್ಮ ಮನಸ್ಸಿಗೆ ನಾಟಲಿ ಎಂದೇ ಇಷ್ಟು ಬರೆಯುತ್ತಿದ್ದೇನೆ.

ನೀರಿನಿಂದಲೇ ಶುರುಮಾಡೋಣ. ಬಳ್ಳಾರಿಗೆ ಕುಡಿಯುವ ನೀರು ಬರುವುದು ತುಂಗಭದ್ರೆಯ ಕಾಲುವೆಗಳಿಂದ. ಅದು ಅಲ್ಲೀಪುರ, ಮೋಕಾ ಕೆರೆಗಳಲ್ಲಿ ನಿಂತು, ಅಲ್ಲಿಂದ ಓಣಿ ಓಣಿಗೆ ಸರದಿಯ ಮೇಲೆ ಹರಿಯುತ್ತದೆ. ಆ ಸರದಿ ವಾರಕ್ಕೊಮ್ಮೆ ಬಂದರೆ ಪುಣ್ಯ. ಬೇಸಿಗೆಯಲ್ಲಿ ಅದಕ್ಕೂ ತಡ. ಹಾಗಾಗಿ ಕೌಲ್‌ ಬಜಾರಿನಿಂದ ಬಂಡಿಹಟ್ಟಿಯ ತನಕ ಬಡವರ ಮನೆಯ ಮುಂದೆಲ್ಲ ಡ್ರಮ್ಮು, ಬ್ಯಾರೆಲ್ಲು, ಕೊಡ, ಸಿಮೆಂಟಿನ ತೊಟ್ಟಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದು ಇಂಥದೇ, ತಿಳಿಯಾಗಿ ಕದಡದೆ ನಿಂತ ನೀರು. ಅದು ಹಗಲಿನಲ್ಲಿ ಕಚ್ಚುತ್ತದೆ. ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರಿನಾಚೆ ಹಾರುವುದಿಲ್ಲ. ಮನೆಯಲ್ಲೇ ಕುಳಿತು ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುವ, ಗುಂಡಿ ಹಾಕುವ ಹೆಂಗಸರು ಇಡೀ ಹಗಲು ಅದಕ್ಕೆ ಕಾಲೊಡ್ಡಿಕೊಂಡಿರುತ್ತಾರೆ. ಬೇಸಿಗೆಯ ಬಿಸಿಗೆ ಮೊಟ್ಟೆಯೊಂದು ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ನೀರಿನ ಸರದಿಗೂ ಸೊಳ್ಳೆಯ ಹುಟ್ಟಿಗೂ ಎಷ್ಟು ಚೆನ್ನಾಗಿ ಲೆಕ್ಕ ಕೂಡಿಬಂದಿದೆ ನೋಡಿ.

2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಅವಕಾಶ ಕೊಟ್ಟವರಿಗೆ ದಂಡ ಗೊತ್ತುಮಾಡಿತು. ನಗರದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200 ರೂಪಾಯಿ. ಖಾಲಿ ನಿವೇಶನ, ಕಟ್ಟಡ ಕಾಮಗಾರಿಯ ಜಾಗಗಳಿಗೆ ನಗರದಲ್ಲಿ 2,000, ಹಳ್ಳಿಯಲ್ಲಿ 1,000. ದಂಡ ಬೇಡವೆಂದು ನಾನು ಹೇಳುವುದಿಲ್ಲ. ಡ್ರಮ್ಮಿಗೆ ಮುಚ್ಚಳ ಹಾಕುವುದು, ವಾರಕ್ಕೊಮ್ಮೆ ಬರಿದು ಮಾಡಿ ತಿಕ್ಕಿ ತೊಳೆಯುವುದು ನಮ್ಮದೇ ಕೆಲಸ. ಆದರೆ ವಾರದ ನೀರನ್ನು ತುಂಬಿಟ್ಟುಕೊಳ್ಳದೆ ಬೇರೆ ಗತಿಯಿಲ್ಲದವಳ ಕೈಗೆ ದಂಡದ ರಸೀತಿ ಕೊಡುವ ಆಡಳಿತ, ನಲ್ಲಿಯಲ್ಲಿ ದಿನವೂ ನೀರು ಬಿಡದ ತಪ್ಪಿಗೆ ತನಗೆ ತಾನು ಎಷ್ಟು ದಂಡ ಹಾಕಿಕೊಳ್ಳುತ್ತದೆ? ಹೂಳೆತ್ತದ ಚರಂಡಿಗೆ ದಂಡ ಎಷ್ಟು? ಸರ್ಕಾರಿ ಕಚೇರಿಯ ಹಿಂದೆ ತುಕ್ಕು ಹಿಡಿದು, ಮಳೆನೀರು ತುಂಬಿ ನಿಂತ ಹಳೆ ಜೀಪುಗಳಿಗೆ ಯಾರು ರಸೀತಿ ಹರಿಯುತ್ತಾರೆ? ಒಂದೇ ಕಡೆ ಹರಿತವಿರುವ ಕಾನೂನು ಯಾವಾಗಲೂ ಬಡವರ ಕಡೆಗೇ ತಿರುಗಿರುತ್ತದೆ.

ನಿಂತ ನೀರು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂಬುದು ಈ ನಾಡಿಗೆ ಹೊಸ ವಿದ್ಯೆಯಲ್ಲ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದ ರೊನಾಲ್ಡ್ ರಾಸ್ ತಮ್ಮ ಬಂಗಲೆಯ ಕಿಟಕಿಯ ಹೊರಗಿದ್ದ ಪೀಪಾಯಿಯಲ್ಲಿ ಮರಿಗಳನ್ನು ಕಂಡು ನೀರು ಚೆಲ್ಲಿಸಿದರು, ಸೊಳ್ಳೆ ಇಳಿಯಿತು. ಅದೇ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟನ್ನು ಕಂಡುಹಿಡಿದರು. ಅಂದಿನಿಂದ ನೂರಿಪ್ಪತ್ತೈದು ವರ್ಷಗಳ ಮೇಲಾಯಿತು. ನಮ್ಮ ಆಡಳಿತಗಳು ಮಾತ್ರ ಇಂದಿಗೂ ಹೊಗೆ ಬಿಟ್ಟು ಕೈತೊಳೆದುಕೊಳ್ಳುತ್ತಿವೆ. ಫಾಗಿಂಗ್ ಹೊಗೆ ಹಾರಾಡುವ ಸೊಳ್ಳೆಯನ್ನು ಕೊಲ್ಲಬಹುದು, ನೀರಿನಲ್ಲಿರುವ ಮರಿಯನ್ನು ಅದು ಮುಟ್ಟುವುದೂ ಇಲ್ಲ. ಅದು ಜ್ವರ ಹಬ್ಬಿದಾಗಿನ ತುರ್ತು ಕ್ರಮ. ಆದರೂ ಹೊಗೆಗೆ ಇಷ್ಟು ಪ್ರೀತಿ ಏಕೆ? ಹೊಗೆ ಕಣ್ಣಿಗೆ ಕಾಣುತ್ತದೆ, ಫೋಟೊಗೆ ಸಿಗುತ್ತದೆ. ಚರಂಡಿಯೊಳಗಿನ ಹೂಳು ತೆಗೆದದ್ದು ಯಾರ ಫೋಟೊಗೂ ಸಿಗುವುದಿಲ್ಲ.

ಇನ್ನು ಕಾನೂನು. ಸಂವಿಧಾನದ 11ನೇ ಅನುಸೂಚಿ ಆರೋಗ್ಯ, ನೈರ್ಮಲ್ಯಗಳನ್ನು ಪಂಚಾಯಿತಿಗಳ ವಿಷಯಗಳ ಪಟ್ಟಿಯಲ್ಲಿರಿಸಿದೆ. 12ನೇ ಅನುಸೂಚಿ ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಕಸ ವಿಲೇವಾರಿಗಳನ್ನು ನಗರ ಸಂಸ್ಥೆಗಳ ಪಟ್ಟಿಯಲ್ಲಿರಿಸಿದೆ. ಬಳ್ಳಾರಿ ಪಾಲಿಕೆಗೆ 1976ರ ಮಹಾನಗರಪಾಲಿಕೆಗಳ ಅಧಿನಿಯಮ, ಸಿರುಗುಪ್ಪ ನಗರಸಭೆಗೂ ಕುರುಗೋಡು ಪುರಸಭೆಗೂ 1964ರ ಪುರಸಭೆಗಳ ಅಧಿನಿಯಮ, ಸಂಗನಕಲ್ಲು ಪಂಚಾಯಿತಿಗೆ 1993ರ ಪಂಚಾಯತ್ ರಾಜ್ ಅಧಿನಿಯಮ. ಬೀದಿ, ಚರಂಡಿಗಳನ್ನು ಚೊಕ್ಕಟವಾಗಿಡುವುದನ್ನು ಇವು ಮನಸ್ಸಾದರೆ ಮಾಡುವ ಉಪಕಾರವೆಂದು ಬರೆದಿಲ್ಲ, ಮಾಡಲೇಬೇಕಾದ ಕೆಲಸಗಳ ಪಟ್ಟಿಯಲ್ಲಿಟ್ಟಿವೆ. ಮನೆ ಕಂದಾಯದ ರಸೀತಿಯನ್ನು ಒಮ್ಮೆ ತೆಗೆದು ನೋಡಿ. ಕಂದಾಯದ ಮೇಲೆ ಶೇ 15ರಷ್ಟು ಆರೋಗ್ಯ ಕರ ಎಂದೇ ಬೇರೆ ಸಾಲಿದೆ. ಆ ದುಡ್ಡು ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ ಎಂದು ಸ್ಥಳೀಯ ಆಡಳಿತದವರು ಹೇಳಬಹುದು. ಅವರಿಗೆ ನಮ್ಮ ಉತ್ತರ ಇಷ್ಟೇ: ಕೊಟ್ಟವರು ನಾವು, ವಸೂಲಿ ಮಾಡಿದವರು ನೀವು. ಅದರ ಪಾಲನ್ನು ಬೆಂಗಳೂರಿನಿಂದ ಕೇಳಿ ತರುವ ಬಾಯಿಯೂ ನಿಮ್ಮದೇ ಆಗಬೇಕು.

"ಅನುದಾನ ಇಲ್ಲ" ಎಂಬ ಮಾತಿಗೂ ಉತ್ತರ ಸಿಕ್ಕಿ ನಾಲ್ಕು ದಶಕ ದಾಟಿದೆ. ಮಧ್ಯಪ್ರದೇಶದ ರತ್ಲಾಮಿನಲ್ಲಿ ಒಂದು ವಾರ್ಡಿನ ಜನ ಬಯಲು ಚರಂಡಿ, ಸಾರಾಯಿ ಕಾರ್ಖಾನೆಯ ಗಲೀಜು, ಸೊಳ್ಳೆಗಳಿಂದ ಬೇಸತ್ತು ಮ್ಯಾಜಿಸ್ಟ್ರೇಟರ ಮುಂದೆ ನಿಂತರು. ನಗರಸಭೆ ಎರಡು ವಾದ ಹೂಡಿತು. ನಮ್ಮಲ್ಲಿ ಹಣವಿಲ್ಲ ಎಂಬುದು ಒಂದು. ಆ ಜಾಗ ಹೀಗಿದೆಯೆಂದು ಗೊತ್ತಿದ್ದೂ ಅಲ್ಲಿ ಮನೆ ಮಾಡಿದವರು ಅವರೇ ಎಂಬುದು ಇನ್ನೊಂದು. 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಪೀಠ ಎರಡನ್ನೂ ತಳ್ಳಿಹಾಕಿತು. ಹಣವಿಲ್ಲ ಎಂಬ ನೆಪ ಹೇಳಿ ಶಾಸನಬದ್ಧ ಕರ್ತವ್ಯದಿಂದ ಜಾರಿಕೊಳ್ಳುವಂತಿಲ್ಲ ಎಂದಿತು. ಚರಂಡಿ ಕಟ್ಟಲು ಗಡುವು ಹಾಕಿತು. ಆ ವಾರ್ಡಿನಲ್ಲಿ ಸೊಳ್ಳೆ ಹುಟ್ಟದಂತೆ ತಡೆಯಲು ಮಲೇರಿಯಾ ವಿಭಾಗಕ್ಕೆ ಸೂಚನೆ ಕೊಡಬೇಕೆಂದೂ ರಾಜ್ಯ ಸರ್ಕಾರಕ್ಕೆ ಹೇಳಿತು. ದೇಶದ ಅತ್ಯುನ್ನತ ನ್ಯಾಯಾಲಯ ಒಂದು ವಾರ್ಡಿನ ಸೊಳ್ಳೆಯ ಮಾತನ್ನು ತೀರ್ಪಿನಲ್ಲಿ ಬರೆಯಿತು. ನಮ್ಮ ಗುಮಾಸ್ತರಿಗೆ ಅದನ್ನು ರಿಜಿಸ್ಟರಿನಲ್ಲಿ ಬರೆಯುವುದು ಭಾರವೇ?

ಇಲಿಯನ್ನು ಹಗುರವಾಗಿ ಕಂಡವರು ಚರಿತ್ರೆಯಲ್ಲಿ ಕೊಟ್ಟ ಬೆಲೆ ದೊಡ್ಡದು. 1898ರ ಸುಮಾರಿಗೆ ಪ್ಲೇಗು ಹುಬ್ಬಳ್ಳಿ, ಬೆಂಗಳೂರು, ಮೈಸೂರು, ಬಳ್ಳಾರಿ ಸೀಮೆಗಳಿಗೆ ಕಾಲಿಟ್ಟಾಗ ಜನ ಮನೆಮಠ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡರು. ಸೂರಿನಿಂದ ಇಲಿ ಬಿದ್ದರೆ ಸಾಕು, ಗಂಟುಮೂಟೆ ಕಟ್ಟುತ್ತಿದ್ದರು. ಆ ಪ್ಲೇಗಿನ ಭಯದಿಂದ ಬೆಂಗಳೂರಿನಲ್ಲಿ ಅಗಲವಾದ ಬೀದಿಗಳ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೇಗ ಬೆಳೆದವು. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿಗೆ ಮಂಡಳಿಯೇ ಬಂತು. ನಮ್ಮ ಕಾಲದಲ್ಲೇ, 1994ರ ಸೆಪ್ಟೆಂಬರ್‌ನಲ್ಲಿ ಪ್ಲೇಗಿನ ಸುದ್ದಿಗೆ ಸೂರತ್ತಿನಿಂದ ಲಕ್ಷಾಂತರ ಜನ ಓಡಿಹೋದರು. ಮರುವರ್ಷ ಪಾಲಿಕೆಯ ಆಯುಕ್ತರಾಗಿ ಬಂದ ಎಸ್.ಆರ್. ರಾವ್ ಅಧಿಕಾರಿಗಳನ್ನು ದಿನ ಬೆಳಗಾದರೆ ಓಣಿಗಳಿಗೆ ಇಳಿಸಿದರು. ಕಸ ಎತ್ತಿದರೇ ಇಲ್ಲವೇ ಎಂಬುದನ್ನು ಕಾಗದದಲ್ಲಿ ನೋಡದೆ ಕಣ್ಣಾರೆ ನೋಡುವ ಪದ್ಧತಿ ತಂದರು. ಗಲೀಜಿಗೆ ಹೆಸರಾಗಿದ್ದ ಊರು ಕೆಲವೇ ವರ್ಷಗಳಲ್ಲಿ ದೇಶದ ಶುಚಿಯಾದ ಊರುಗಳ ಸಾಲಿಗೆ ಬಂತು. ಅದೇ ಊರು, ಅದೇ ಜನ, ಅದೇ ಕಾನೂನು. ಬದಲಾದದ್ದು ಆಡಳಿತದ ಮನಸ್ಸು. ಬ್ರಿಟನ್ನಿನಲ್ಲಂತೂ ತಮ್ಮ ಸರಹದ್ದನ್ನು ಆದಷ್ಟೂ ಇಲಿಗಳಿಲ್ಲದಂತೆ ಇಟ್ಟುಕೊಳ್ಳುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ ಎಂದು 1949ರಲ್ಲೇ ಕಾಯ್ದೆ ಮಾಡಿದರು.

ಈಗ ನಮ್ಮ ಊರುಗಳಿಗೆ ಬರೋಣ. ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ಸುಮಾರು ಐದು ಸಾವಿರ ವರ್ಷಗಳ ಹಿಂದೆಯೇ ಜನ ನೆಲೆ ನಿಂತಿದ್ದರು. ಕಲ್ಲಿನ ಕೊಡಲಿ ಮಾಡುತ್ತಿದ್ದ, ದನ ಸಾಕುತ್ತಿದ್ದ ಆ ಜನ ಸಗಣಿಯನ್ನು ಒಂದೆಡೆ ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟದ್ದರಿಂದ ಬೂದಿದಿಬ್ಬಗಳಾದವು. ದೇವರ ಕಾರ್ಯಕ್ಕೆ ಸುಟ್ಟರೋ, ರೋಗ ಹುಳಗಳನ್ನು ದೂರವಿಡಲು ಸುಟ್ಟರೋ, ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅಷ್ಟು ದೊಡ್ಡ ದಿಬ್ಬ ಒಂದು ಮನೆಯವರಿಂದ ಆಗುವಂಥದಲ್ಲ, ಊರೇ ಕೂಡಿ ಮಾಡಿದ್ದು ಎಂಬುದನ್ನಂತೂ ಅದರ ಗಾತ್ರವೇ ಹೇಳುತ್ತದೆ. ಇಂದು ಅದೇ ಸಂಗನಕಲ್ಲಿನ ಕಡೆಗೆ ಬಳ್ಳಾರಿ ನಗರ ಬೆಳೆದುಬರುತ್ತಿದೆ. ಹೊಲಗಳು ಲೇಔಟುಗಳಾಗುತ್ತಿವೆ. ಇಂಥ ಅಂಚಿನ ಬಡಾವಣೆಗಳಲ್ಲಿ ಚರಂಡಿ ತುಂಬಿದರೆ ಪಾಲಿಕೆಯವರು ಪಂಚಾಯಿತಿಯನ್ನು ತೋರಿಸುತ್ತಾರೆ, ಪಂಚಾಯಿತಿಯವರು ಬಡಾವಣೆ ಇನ್ನೂ ಹಸ್ತಾಂತರವಾಗಿಲ್ಲ ಎನ್ನುತ್ತಾರೆ, ನಗರಾಭಿವೃದ್ಧಿ ಪ್ರಾಧಿಕಾರದವರು ಲೇಔಟು ಮಾಡಿದವನತ್ತ ಕೈ ತೋರಿಸುತ್ತಾರೆ. ಮನೆ ಕಟ್ಟಿದವನು ಮೂರು ಬಾಗಿಲು ಬಡಿದು ಬರುವಷ್ಟರಲ್ಲಿ ಆ ಚರಂಡಿಯಲ್ಲಿ ಹೆಗ್ಗಣ ಮರಿ ಹಾಕಿರುತ್ತದೆ.

ಸಿರುಗುಪ್ಪದ್ದು ಬೇರೆ ಕಷ್ಟ. ಅದು ಭತ್ತದ ಸೀಮೆ, ಅಕ್ಕಿ ಗಿರಣಿಗಳ ಊರು. ಕೊಯ್ಲು ಮುಗಿದು ಗದ್ದೆ ಬರಿದಾದರೆ ಇಲಿಗಳು ಗಿರಣಿ, ಗೋದಾಮು, ಅದರ ಪಕ್ಕದ ಮನೆಗಳ ದಾರಿ ಹಿಡಿಯುತ್ತವೆ. ಒಬ್ಬ ರೈತ, ಒಬ್ಬ ಗೃಹಿಣಿ ಮದ್ದಿಟ್ಟು ಇಲ್ಲಿ ಗೆಲ್ಲಲಾಗದು. ಹೊಲದ ಬದುವಿನಿಂದ ಪೇಟೆಯ ಚರಂಡಿಯವರೆಗೆ ಎಲ್ಲ ಬಿಲಗಳಿಗೂ ಒಂದೇ ಸಲ ಮದ್ದು ಬೀಳಬೇಕು. ಮೊದಲು ಒಂದೆರಡು ದಿನ ಬರಿಯ ಕಾಳಿಟ್ಟು ರುಚಿ ಹತ್ತಿಸಿ, ಆಮೇಲೆ ಮದ್ದಿನ ಕಾಳಿಡಬೇಕು. ಇದನ್ನು ಹೇಳಿಕೊಡುವ ಕೃಷಿ ಸಂಶೋಧನಾ ಕೇಂದ್ರ ಸಿರುಗುಪ್ಪದಲ್ಲೇ ಇದೆ, ರೈತ ಸಂಪರ್ಕ ಕೇಂದ್ರಗಳಿವೆ. ಗಿರಣಿಗಳಿಗೆ ಪರವಾನಗಿ ಕೊಡುವ ನಗರಸಭೆ, ಸುತ್ತಲಿನ ಪಂಚಾಯಿತಿಗಳು, ಕೃಷಿ ಇಲಾಖೆ ಒಂದು ಮೇಜಿನ ಸುತ್ತ ಕುಳಿತು ದಿನ ಗೊತ್ತುಮಾಡಿದರೆ ಆಗುವ ಕೆಲಸವಿದು. ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ತೇರಿಗೆ ಸಾವಿರಾರು ಜನ ಸೇರುತ್ತಾರೆ. ಜಾತ್ರೆಗೆ ಮುಂಚೆ ಬೀದಿ ಗುಡಿಸಿದರೆ ಸಾಲದು, ಜಾತ್ರೆಯ ಮರುದಿನದ ಎಂಜಲೆಲೆ, ನೊಣಗಳ ಲೆಕ್ಕವನ್ನೂ ಪುರಸಭೆ ಇಟ್ಟುಕೊಳ್ಳಬೇಕು.

ಆಡಳಿತ ಕೈಬಿಟ್ಟ ಕಡೆ ಏನಾಗುತ್ತದೆ? ಉಳ್ಳವರು ಪೆಸ್ಟ್ ಕಂಟ್ರೋಲ್ ಕಂಪನಿಗೆ ಫೋನು ಮಾಡುತ್ತಾರೆ. ಇಲ್ಲದವರು ಕಿರಾಣಿ ಅಂಗಡಿಯಲ್ಲಿ ಇಲಿ ಪಾಷಾಣ ಕೊಳ್ಳುತ್ತಾರೆ. ಹಳದಿ ರಂಜಕ ಇರುವ ಇಲಿ ಪೇಸ್ಟು ಮನುಷ್ಯನ ಯಕೃತ್ತನ್ನು ಸುಟ್ಟುಬಿಡುತ್ತದೆ, ಅದಕ್ಕೆ ಮಾರುಮದ್ದಿಲ್ಲ. ಸಿಟ್ಟಿನ ಗಳಿಗೆಯಲ್ಲಿ ಎಷ್ಟು ಹರೆಯದ ಮಕ್ಕಳು ಅದಕ್ಕೆ ಕೈಹಾಕಿದ್ದಾರೆಂದು ಜಿಲ್ಲಾಸ್ಪತ್ರೆಯ ಯಾವ ವೈದ್ಯರನ್ನು ಕೇಳಿದರೂ ಹೇಳುತ್ತಾರೆ. ದುಡ್ಡು ಕೊಟ್ಟವರಿಗೂ ಕ್ಷೇಮ ಖಾತ್ರಿಯಿಲ್ಲ. 2024ರ ನವೆಂಬರ್‌ನಲ್ಲಿ ಚೆನ್ನೈ ಬಳಿಯ ಕುಂದ್ರತ್ತೂರಿನ ಮನೆಯೊಂದರಲ್ಲಿ ಖಾಸಗಿ ಕಂಪನಿಯವರು ಇಲಿಗೆ ಮದ್ದಿಟ್ಟುಹೋದರು. ಆ ರಾತ್ರಿ ಕೋಣೆಯಲ್ಲಿ ಮಲಗಿದ್ದ ಎರಡು ಮಕ್ಕಳು ಜೀವ ಕಳೆದುಕೊಂಡವು. ಊರಿನ ಕೆಲಸವನ್ನು ಒಂದೊಂದು ಮನೆಯ ತಲೆಗೆ ಕಟ್ಟಿದರೆ ವಿಷ ಮಕ್ಕಳು ಮಲಗುವ ಕೋಣೆಗೆ ಬರುತ್ತದೆ.

ಇದರಲ್ಲಿ ನ್ಯಾಯದ ಪ್ರಶ್ನೆಯೂ ಇದೆ. ಯಾವ ಊರಿನಲ್ಲಾದರೂ ಚರಂಡಿ ಹರಿದು ಕೊನೆಗೆ ನಿಲ್ಲುವುದು ಯಾರ ಕೇರಿಯ ಮುಂದೆ? ತಿಪ್ಪೆ ಬೀಳುವುದು ಯಾರ ಮನೆಯ ಮಗ್ಗುಲಿಗೆ? ಇಡೀ ಊರಿನ ಕೊಳೆಯನ್ನು ಅವರ ಹೊಸ್ತಿಲಿಗೆ ಹರಿಸಿ, ಆಮೇಲೆ "ಸ್ವಚ್ಛ ಇಟ್ಕೊಳ್ರಿ" ಎಂದು ಬುದ್ಧಿ ಹೇಳುವುದಕ್ಕಿಂತ ನಿರ್ದಯವಾದ ಮಾತು ಇನ್ನೊಂದಿಲ್ಲ. ಆ ಕೊಳೆಯನ್ನು ಎತ್ತುವ ಪೌರಕಾರ್ಮಿಕರೂ ಅದೇ ಕೇರಿಯ ಮಕ್ಕಳು. ಇಲಿಯ ಉಚ್ಚೆ ಬೆರೆತ ಚರಂಡಿಯ ನೀರು ಗಾಯದ ಕೈಗೆ ತಾಗಿದರೆ ಇಲಿಜ್ವರ ಬರುತ್ತದೆ. ಕೈಗವಸು, ಗಮ್‌ಬೂಟು ಕೊಡದೆ ಅವರನ್ನು ಚರಂಡಿಗೆ ಇಳಿಸುವವರು ಜ್ವರವನ್ನು ತಾವೇ ಹಂಚಿದಂತೆ. ನಮ್ಮ ಜಗಳ ಪೌರಕಾರ್ಮಿಕರ ಜೊತೆಗಲ್ಲ. ಅವರಿಗೆ ಬೇಕಾದ ಸಲಕರಣೆ, ಸಂಬಳ, ಸಾಕಷ್ಟು ಕೈಗಳನ್ನು ಕೊಡದವರ ಜೊತೆಗೆ.

ಹಾಗಾದರೆ ನಾವು ಕೇಳುವುದೇನು? ದೊಡ್ಡದೇನಲ್ಲ. ಪ್ರತಿ ಕಚೇರಿಯಲ್ಲೂ ಇಲಿ, ಸೊಳ್ಳೆ, ನೊಣಗಳ ದೂರಿಗೆ ಒಂದು ರಿಜಿಸ್ಟರು ಇಡಿ. ದೂರು ಕೊಟ್ಟವರಿಗೆ ನಂಬರು ಹಾಕಿದ ಚೀಟಿ ಕೊಡಿ. ಏಳು ದಿನದೊಳಗೆ ಆರೋಗ್ಯ ನಿರೀಕ್ಷಕರೋ ಪಂಚಾಯಿತಿಯ ಸಿಬ್ಬಂದಿಯೋ ಆ ಜಾಗಕ್ಕೆ ಬರಲಿ. ಏಳು ದಿನ ಎಂದು ಕೇಳುವುದಕ್ಕೆ ಕಾರಣವಿದೆ. ಸೊಳ್ಳೆಗೆ ಬೇಕಾದ ದಿನ ಅಷ್ಟೇ, ಕಡತ ಅದಕ್ಕಿಂತ ನಿಧಾನವಾದರೆ ಸೊಳ್ಳೆಯೇ ಗೆಲ್ಲುತ್ತದೆ. ಒಂದು ಮನೆಯ ದೂರು ಬಂದರೆ ಆ ಮನೆಯನ್ನಷ್ಟೇ ನೋಡದೆ ಇಡೀ ಓಣಿಯ ಚರಂಡಿ, ಖಾಲಿ ಸೈಟು, ತೊಟ್ಟಿಗಳನ್ನು ನೋಡಿ. ದೂರು ಎಷ್ಟು ಬಂದವು, ಎಷ್ಟು ಬಗೆಹರಿದವು ಎಂದು ತಿಂಗಳಿಗೊಮ್ಮೆ ನೋಟಿಸ್ ಬೋರ್ಡಿಗೆ ಅಂಟಿಸಿ. ಗಡಿಯ ಬಡಾವಣೆಗಳಲ್ಲಿ ದೂರು ಮೊದಲು ಯಾರ ಕೈಗೆ ಬಂತೋ ಅವರೇ ಅದನ್ನು ಮುಗಿಸಲಿ, ಖರ್ಚಿನ ಲೆಕ್ಕವನ್ನು ಕಚೇರಿಗಳು ತಮ್ಮತಮ್ಮಲ್ಲಿ ಆಮೇಲೆ ಸರಿಮಾಡಿಕೊಳ್ಳಲಿ.

ಸದಸ್ಯರೇ, ಅಧ್ಯಕ್ಷರೇ, ನೀವು ಮತ ಕೇಳಲು ಬಂದಾಗ ಇದೇ ಚರಂಡಿಯನ್ನು ದಾಟಿಕೊಂಡು ಬಂದಿರಿ. ಆಯುಕ್ತರೇ, ಪೌರಾಯುಕ್ತರೇ, ಮುಖ್ಯಾಧಿಕಾರಿಗಳೇ, ಪಿಡಿಒಗಳೇ, ಸಭೆಯಲ್ಲಿ ಚುನಾಯಿತರಿರಲಿ, ಅವರ ಜಾಗದಲ್ಲಿ ಆಡಳಿತಾಧಿಕಾರಿ ಕುಳಿತಿರಲಿ, ಕರ್ತವ್ಯದ ಕುರ್ಚಿ ಒಂದು ದಿನವೂ ಖಾಲಿಯಿರುವುದಿಲ್ಲ. ನಿಮ್ಮ ಮಗು ಆ ಓಣಿಯ ಗುಡಿಸಲಿನಲ್ಲಿ ಜ್ವರದಿಂದ ನರಳುತ್ತಿದ್ದರೆ "ಬೋನು ಇಡ್ರಿ" ಎಂಬ ಉತ್ತರ ನಿಮಗೆ ಸಾಕಾಗುತ್ತಿತ್ತೇ? ಇದನ್ನು ನಿಮ್ಮ ಅಂತಃಸಾಕ್ಷಿಯೇ ನಿಮ್ಮನ್ನು ಕೇಳಲಿ.

ನಾವೂ ನಿರ್ದೋಷಿಗಳಲ್ಲ. ರಾತ್ರಿ ಕವರಿನಲ್ಲಿ ಅನ್ನ ಕಟ್ಟಿ ಖಾಲಿ ಸೈಟಿಗೆ ಎಸೆಯುವವರು ನಾವು. ಚರಂಡಿಯ ಮೇಲೆ ಕಟ್ಟೆ ಕಟ್ಟಿ ಹೂಳೆತ್ತಲು ಸಂದಿಯಿಲ್ಲದಂತೆ ಮಾಡುವವರು ನಾವು. ಪಕ್ಕದ ಮನೆಯಲ್ಲಿ ಡೆಂಗಿ ಬಂದರೆ ಅದು ಅವರ ಗ್ರಹಚಾರ ಎಂದು ಬಾಗಿಲು ಹಾಕಿಕೊಳ್ಳುವವರೂ ನಾವೇ. ಬುಟ್ಟಿಯಲ್ಲಿ ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡೋಣ. ಡ್ರಮ್ಮಿಗೆ ಬಟ್ಟೆಯಾದರೂ ಬಿಗಿದು ಕಟ್ಟೋಣ. ನಮ್ಮ ಪಾಲಿನದನ್ನು ಮಾಡಿ ಮುಗಿಸಿದವರ ದನಿಗೆ ಕಚೇರಿಯಲ್ಲಿ ಬಲ ಹೆಚ್ಚು.

ಆಮೇಲೆ ಕಚೇರಿಗೆ ಹೋಗೋಣ, ಒಬ್ಬೊಬ್ಬರಾಗಿ ಅಲ್ಲ, ಓಣಿಯೇ ಕೂಡಿ. ದೂರನ್ನು ಬರೆದು ಕೊಡಿ, ಎಲ್ಲರೂ ರುಜು ಹಾಕಿ, ಹೆಬ್ಬೆಟ್ಟಾದರೂ ಸರಿ. ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೇ ಏಳಿ. ಹಳ್ಳಿಯವರು ವಾರ್ಡ್ ಸಭೆ, ಗ್ರಾಮಸಭೆಗಳಲ್ಲಿ ಎದ್ದುನಿಂತು ಕೇಳಿ, ಕೇಳಿದ್ದು ನಡಾವಳಿ ಪುಸ್ತಕದಲ್ಲಿ ದಾಖಲಾಯಿತೇ ನೋಡಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಮೂವತ್ತು ದಿನದಲ್ಲಿ ಹೇಳಲೇಬೇಕು. ಆಗಲೂ ಕದಲದಿದ್ದರೆ ರತ್ಲಾಮಿನ ಜನ ಹಿಡಿದ ದಾರಿ ಇದೆ. ಅವರು ಬಳಸಿದ ಕಾನೂನು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಾಗಿ ಉಳಿದಿದೆ. ಸಾರ್ವಜನಿಕ ಉಪದ್ರವ ತೆಗೆಸಿ ಎಂದು ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಇಡಬಹುದು.

ಈ ವಾರವೇ ಒಂದು ಹಾಳೆ ತೆಗೆದುಕೊಳ್ಳಿ. ಓಣಿಯ ಹೆಸರು, ಚರಂಡಿ ಇರುವ ಜಾಗ, ಜ್ವರ ಬಂದ ಮನೆಗಳ ಲೆಕ್ಕ ಬರೆಯಿರಿ. ಅದನ್ನು ಕಚೇರಿಯ ಮೇಜಿನ ಮೇಲಿಟ್ಟು, ತಲೆಯೆತ್ತಿ ಹೇಳಿ: ನಮ್ಮ ದೂರು ಬರೆದುಕೊಳ್ಳಿ, ಚೀಟಿ ಕೊಡಿ, ಏಳು ದಿನದಲ್ಲಿ ಬನ್ನಿ.